ಪೊರೆನಾಡಿನ ಸುತ್ತಳತೆ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಚಿಕ್ಕದೆಂದರೆ, ಒಂದು ಸಾಸಿವೆ ಕಾಳಿನ ಮೇಲೆ ಅಂಥವು ಲಕ್ಷಗಟ್ಟಲೆ ಕೂತರೂ ಇನ್ನೂ ಜಾಗ ಮಿಗುತ್ತಿತ್ತು. ಹೊರಗೆ ನಿಂತು ಸೂಕ್ಷ್ಮದರ್ಶಕ ಹಿಡಿದು ನೋಡುವವರು ಅಂಥದ್ದನ್ನು ಬ್ಯಾಕ್ಟೀರಿಯಾ ಎನ್ನುತ್ತಾರಂತೆ. ಒಳಗಿದ್ದವರು ಸಾಮ್ರಾಜ್ಯ ಎನ್ನುತ್ತಿದ್ದರು. ನೋಡುವ ಜಾಗ ಬೇರೆ, ಅಷ್ಟೆ. ಅದರ ಹೆಸರು ಪೊರೆನಾಡು.

ಪೊರೆನಾಡು ಇದ್ದದ್ದು ಉಪ್ಪುನೀರಿನ ಒಂದು ಗುಂಡಿಯಲ್ಲಿ. ಅದಕ್ಕೆ ಕಲ್ಲಿನ ಕೋಟೆ ಇರಲಿಲ್ಲ. ಎರಡು ಮಡಿಕೆಯ ಎಣ್ಣೆಪೊರೆಯೇ ಕೋಟೆ. ಸುತ್ತಲಿನ ನೀರು ಎಷ್ಟು ಉಪ್ಪೋ ಒಳಗಿನ ಉಗ್ರಾಣದಲ್ಲೂ ಅದಕ್ಕೆ ತಕ್ಕಷ್ಟು ಉಪ್ಪು, ಸಕ್ಕರೆ ತುಂಬಿಟ್ಟಿರಬೇಕಿತ್ತು. ಕಡಿಮೆಯಾದರೆ ಒಳಗಿನ ನೀರು ಹೊರಗೋಡಿ ರಾಜ್ಯ ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತಿತ್ತು. ಇದು ಬೇಸಿಗೆಯ ಕಷ್ಟ. ಮಳೆ ಬಂದರೆ ಕಷ್ಟ ತಿರುಗುಮುರುಗು. ಹೊರಗಿನ ನೀರು ಒಮ್ಮೆಗೇ ಸಿಹಿಯಾಗಿ, ಒಳಗಿನ ಸರಕಿನ ಆಸೆಗೆ ಪೊರೆಯನ್ನು ತೂರಿಕೊಂಡು ನುಗ್ಗುತ್ತಿತ್ತು. ರಾಜ್ಯ ಉಬ್ಬುತ್ತಿತ್ತು. ಉಬ್ಬುವುದು ಒಂದು ಹಂತ ದಾಟಿದರೆ ಪೊರೆ ಹರಿಯುತ್ತದೆ. ಆಮೇಲೆ ರಾಜ್ಯವೂ ಇಲ್ಲ, ರಾಜನೂ ಇಲ್ಲ, ವಿರೋಧಪಕ್ಷವೂ ಇಲ್ಲ.

ಹಿಂದಿನವರು ಅದಕ್ಕೊಂದು ಏರ್ಪಾಡು ಮಾಡಿದ್ದರು. ಕೆರೆಗೆ ತೂಬಿರುವ ಹಾಗೆ ಪೊರೆಯಲ್ಲಿ ಏಳು ಸಣ್ಣ ತೂಬು, ಒಂದು ದೊಡ್ಡ ತೂಬು. ಆದರೆ ಕೆರೆಯ ತೂಬನ್ನು ಯಾರಾದರೂ ಎತ್ತಬೇಕು. ಈ ತೂಬುಗಳನ್ನು ಯಾರೂ ಎತ್ತಬೇಕಿರಲಿಲ್ಲ. ಅವುಗಳ ಹಲಗೆಗಳು ಪೊರೆಗೇ ಅಂಟಿಕೊಂಡಿದ್ದವು. ಪೊರೆ ಸಡಿಲವಾಗಿದ್ದಾಗ ಹಲಗೆಗಳು ಒಂದಕ್ಕೊಂದು ಒತ್ತಿ ನಿಂತು ಕಿಂಡಿ ಮುಚ್ಚಿರುತ್ತಿತ್ತು. ಪೊರೆ ಜಗ್ಗಿದರೆ ಹಲಗೆಗಳೂ ಅದರ ಜೊತೆಗೇ ವಾಲಿ ನಡುವಿನ ಕಿಂಡಿ ಬಿಚ್ಚಿಕೊಳ್ಳುತ್ತಿತ್ತು. ತೂಬಿಗೆ ಕಣ್ಣಿಲ್ಲ, ಕಿವಿಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಸ್ವಲ್ಪ ಜಗ್ಗಿದರೆ ಸಣ್ಣ ತೂಬುಗಳು ತೆರೆಯುತ್ತಿದ್ದವು. ಇನ್ನೇನು ಹರಿದೇ ಹೋಯಿತು ಎನ್ನುವಾಗ ಮಾತ್ರ ದೊಡ್ಡದು. ಒಂದಿಷ್ಟು ಉಪ್ಪು, ಸಕ್ಕರೆ ಹೊರಗೆ ಹೋಗುತ್ತಿತ್ತು, ರಾಜ್ಯ ಉಳಿಯುತ್ತಿತ್ತು. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ತೂಬಿಗೊಬ್ಬರು ನೀರುಗಂಟಿ ಇದ್ದರು. ಹಲಗೆಗೆ ಬೆನ್ನು ಕೊಟ್ಟು ಕೂರುವುದು, ಅದರ ಎದುರು ಯಾರೂ ಮೂಟೆ ಪೇರಿಸದಂತೆ ನೋಡಿಕೊಳ್ಳುವುದು, ಬೆನ್ನಿಗೆ ಜಗ್ಗು ತಿಳಿದ ಕೂಡಲೇ ಎದ್ದು ನಿಂತು "ಕಂಬ ಹಿಡೀರೋ!" ಎಂದು ಕೂಗುವುದು, ಇಷ್ಟೇ ಅವರ ಉದ್ಯೋಗ. ಕೂಗು ಕೇಳಿದ್ದೇ ತಡ, ಊರಿಗೆ ಊರೇ ಕೈಯಲ್ಲಿದ್ದದ್ದನ್ನು ಬಿಟ್ಟು ಹತ್ತಿರದ ಕಂಬವನ್ನು ತಬ್ಬಿಕೊಳ್ಳುತ್ತಿತ್ತು. ಇಲ್ಲದಿದ್ದರೆ ಸರಕಿನ ಜೊತೆ ಮನುಷ್ಯರೂ ಹೊರಟುಹೋದಾರು. ಇದಕ್ಕೆಂದೇ ಪೊರೆನಾಡಿನ ಬೀದಿಬೀದಿಯಲ್ಲಿ ಕಂಬ ನೆಟ್ಟಿದ್ದರು. ಹಸೆಯ ಮೇಲೆ ಕೂತ ಮದುಮಕ್ಕಳು ಎದ್ದು ಕಂಬ ಹಿಡಿದು, ಜಗ್ಗು ಇಳಿದ ಮೇಲೆ ಬಂದು ತಾಳಿ ಕಟ್ಟಿಸಿಕೊಂಡದ್ದೂ ಉಂಟು. ಯಾರೂ ಅದನ್ನು ಅಪಶಕುನವೆಂದು ತಿಳಿದಿರಲಿಲ್ಲ.

ಹೀಗಿರಲಾಗಿ ಸ್ಫೀತವರ್ಮ ಮಹಾಪ್ರಭುಗಳು ಪಟ್ಟವೇರಿದರು. ಅವರ ಹಿಂದಿನ ರಾಜರು ರಾಜ್ಯವನ್ನು ಉಳಿಸಿಕೊಂಡು ಬಂದಿದ್ದರು. ಉಳಿಸುವ ಕೆಲಸದಲ್ಲಿ ಫ್ಲೆಕ್ಸ್ ಹಾಕಿಸುವಂಥದ್ದು ಏನೂ ಇರಲಿಲ್ಲ. ಮಹಾಪ್ರಭುಗಳಿಗೆ ಬೆಳೆಸುವ ಮನಸ್ಸಾಯಿತು. ಮಹಾಮಂತ್ರಿ ತಥಾಸ್ತುರಾಯರನ್ನು ಕರೆಸಿದರು.

"ಮಂತ್ರಿವರ್ಯರೇ, ನಮ್ಮ ಆಳ್ವಿಕೆಯಲ್ಲಿ ರಾಜ್ಯವು ಬೆಳೆಯುತ್ತಿದೆಯಷ್ಟೆ?"

"ಮಹಾಪ್ರಭುಗಳು ಸಿಂಹಾಸನದಲ್ಲಿರುವಾಗ ಬೆಳೆಯದೆ ಇರುವ ಧೈರ್ಯ ಅದಕ್ಕೆಲ್ಲಿಂದ ಬರಬೇಕು?"

"ಎಷ್ಟು ಬೆಳೆದಿದೆ?"

ತಥಾಸ್ತುರಾಯರು ಸ್ವಲ್ಪ ಯೋಚಿಸಿದರು. ಪ್ರಜೆಗಳ ಊಟ ಅಳೆಯಬಹುದಿತ್ತು, ನಿದ್ದೆ ಅಳೆಯಬಹುದಿತ್ತು. ಅದರಲ್ಲಿ ಅಪಾಯವಿತ್ತು. "ಸುತ್ತಳತೆ ತೆಗೆಸೋಣ ಪ್ರಭು. ಜಗತ್ತಿನಾದ್ಯಂತ ಈಗ ಅದೇ ಮಾನದಂಡ" ಎಂದರು. ಜಗತ್ತಿನಲ್ಲಿ ಬೇರೆ ಯಾರಿದ್ದಾರೆ ಎಂದು ಅವರಿಗೂ ಗೊತ್ತಿರಲಿಲ್ಲ, ಮಹಾಪ್ರಭುಗಳಿಗೂ ಗೊತ್ತಿರಲಿಲ್ಲ. ಆದ್ದರಿಂದ ಮಾತು ಅಲ್ಲಿಗೆ ಮುಗಿಯಿತು.

ರಾಜ್ಯದ ಒಳಮೈಗುಂಟ ಗೇಣುಗೇಣಿಗೆ ಗಂಟು ಹಾಕಿದ ಹಗ್ಗವೊಂದನ್ನು ಸುತ್ತಿಸಲಾಯಿತು. ಮೊದಲ ದಿನ ನಾನೂರ ಹನ್ನೆರಡು ಗೇಣು. ಅಂದಿನಿಂದ ಪ್ರತಿ ಮುಂಜಾನೆ ಆಸ್ಥಾನದಲ್ಲಿ ಸುತ್ತಳತೆ ವಾರ್ತೆ ಓದುವ ಪದ್ಧತಿ ಬಂತು. ವಾರ್ತೆ ಓದುವಾಗ ಸಮಸ್ತ ಪ್ರಜೆಗಳೂ ಎರಡೂ ಕೈಗಳಿಂದ ಚಪ್ಪಾಳೆ ತಟ್ಟತಕ್ಕದ್ದು ಎಂದು ಆಜ್ಞೆಯಾಯಿತು.

ಒಂದು ದಿನ ತುಂತುರು ಮಳೆ ಬಂತು. ಸುತ್ತಳತೆ ನಾನೂರ ಹದಿನೈದಕ್ಕೆ ಏರಿತು. ಆಸ್ಥಾನದಲ್ಲಿ ಲಾಡು ಹಂಚಿದರು. ಲಾಡು ಬಾಯಲ್ಲಿ ಕರಗುವ ಮೊದಲೇ ಸಣ್ಣ ತೂಬುಗಳು ತಮ್ಮ ಪಾಡಿಗೆ ತಾವು ತೆರೆದು ಮುಚ್ಚಿಕೊಂಡವು. ಸುತ್ತಳತೆ ಮತ್ತೆ ನಾನೂರ ಹನ್ನೆರಡು.

"ನಮ್ಮ ಮೂರು ಗೇಣು ಅಭಿವೃದ್ಧಿಯನ್ನು ಯಾರು ಹೊತ್ತೊಯ್ದರು?" ಎಂದು ಮಹಾಪ್ರಭುಗಳು ಗುಡುಗಿದರು.

ಏಕಸದಸ್ಯ ತನಿಖಾ ಆಯೋಗ ನೇಮಕವಾಯಿತು. ಆ ಏಕಸದಸ್ಯರು ತಥಾಸ್ತುರಾಯರೇ. ಅಭಿವೃದ್ಧಿಯು ಏಳು ಕಡೆ ಸೋರುತ್ತಿದೆ ಎಂದು ಅವರು ವರದಿ ಕೊಟ್ಟರು. ಸೋರಿಕೆಮುಕ್ತ ಪೊರೆನಾಡು ಅಭಿಯಾನ ಶುರುವಾಯಿತು. ಏಳು ಸಣ್ಣ ತೂಬುಗಳಿಗೂ ಅರಗು ಮೆತ್ತಿ ಮೇಲೆ ಗಾರೆ ಬಳಿದರು. ಏಳು ಜನ ನೀರುಗಂಟಿಗಳಿಗೆ ವಿಸ್ತಾರ ಸಹಾಯಕ ಎಂಬ ಹೊಸ ಪದನಾಮ, ಕೇಸರಿ ಅಂಚಿನ ಹೊಸ ರುಮಾಲು ಸಿಕ್ಕಿತು. ಹಗ್ಗ ಹಿಡಿದು ನಿಲ್ಲುವುದು ಅವರ ಹೊಸ ಕೆಲಸ.

ಆ ಏಳು ಜನರಲ್ಲಿ ಗೂಳಯ್ಯ ಒಬ್ಬ. ಅವನ ಅಕ್ಕ ದ್ಯಾವೀರಮ್ಮ ದೊಡ್ಡ ತೂಬಿನ ನೀರುಗಂಟಿ. ವಯಸ್ಸಾದ ಹೆಂಗಸು. ಹಲಗೆಗೆ ಒರಗಿ ಒರಗಿ ಹಲಗೆಯಲ್ಲಿ ಅವಳ ಬೆನ್ನಿನ ಗುರುತು ಬಿದ್ದಿತ್ತೋ, ಅವಳ ಬೆನ್ನಿಗೆ ಹಲಗೆಯ ಗುರುತು ಬಿದ್ದಿತ್ತೋ ಹೇಳುವುದು ಕಷ್ಟ. ಗೂಳಯ್ಯ ರುಮಾಲು ತೋರಿಸಲು ಅಕ್ಕನ ಬಳಿಗೆ ಹೋದ.

"ಏನ್ಲಾ ಗೂಳ, ಮದ್ವೆಗಿದ್ವೆ ಮಾಡ್ಕಂಡ್ಯಾ?"

"ಸರ್ಕಾರದ್ದು ಅಕ್ಕಯ್ಯ. ಹಗ್ಗ ಹಿಡ್ಕಳಾ ಕೆಲ್ಸ. ಬೆನ್ನು ನೋವಿಲ್ಲ, ಯಾರ ತಾವೂ ಬೈಸ್ಕಳಂಗಿಲ್ಲ. ದಿನಾ ಚಪ್ಪಾಳೆ ಬ್ಯಾರೆ ಹೊಡೀತಾರೆ."

"ನಿಂಗಾ?"

"ಹಗ್ಗಕ್ಕೆ. ಆದ್ರೂ ಹಿಡ್ದಿರಾನು ನಾನೇ ಅಲ್ವಾ?"

"ಎಲ್ಡೂ ಕೈಯಾಗೆ ಹಿಡೀಬೇಕಾ?"

"ಹೂಂ ಮತ್ತೆ. ಒಂದು ಕೈ ಬಿಟ್ರೆ ಅಳತೆ ತಪ್ತದಂತೆ."

"ಜಗ್ಗು ಬಂದ್ರೆ ಕಂಬ ಯಾತ್ರಾಗೆ ಹಿಡೀತೀಯ? ಹಲ್ಲಾಗಾ?"

ಗೂಳಯ್ಯ ನಕ್ಕ. "ತೂಬೇ ಮುಚ್ಚವ್ರೆ. ಇನ್ಯಾಕಕ್ಕಯ್ಯ ಕಂಬ?"

"ಏಳು ಮುಚ್ಚವ್ರೆ. ನಂದೊಂದೈತೆ" ಎಂದಳು ದ್ಯಾವೀರಮ್ಮ. "ಕೂಗು ಕೇಳಿದ್ರೆ ಹಗ್ಗ ಬಿಟ್ಬಿಡು. ನನ್ನಾಣೆ ಹಾಕು."

ಗೂಳಯ್ಯ ಆಣೆ ಹಾಕಿದ. ರುಮಾಲು ಸರಿಮಾಡಿಕೊಂಡು ಹೋದ.

ಎಂಟು ದಿನದಲ್ಲಿ ದ್ಯಾವೀರಮ್ಮನಿಗೂ ಕರೆ ಬಂತು. ಆಸ್ಥಾನದ ನಡುವೆ ಅವಳನ್ನು ನಿಲ್ಲಿಸಿದರು. ಒರಗಲು ಏನೂ ಇಲ್ಲದೆ ಅವಳಿಗೆ ನಿಲ್ಲುವುದೇ ಒಂದು ಥರ ಆಯಿತು.

"ನಿನ್ನ ಕಾಲದಲ್ಲಿ ದೊಡ್ಡ ತೂಬು ಎಷ್ಟು ಬಾರಿ ತೆರೆದಿದೆ?" ತಥಾಸ್ತುರಾಯರು ಕೇಳಿದರು.

"ನನ್ ಕಾಲ್ದಾಗಿಲ್ಲ ಬುದ್ಧಿ. ನಮ್ಮಜ್ಜಿ ಕಾಲ್ದಾಗೆ ಒಂದ್ಸಲ."

"ಒಂದೇ ಸಲ! ಹಾಗಾದರೆ ಇಷ್ಟು ವರ್ಷ ಅದೇಕೆ ಬೇಕಾಗಿತ್ತು?"

"ಆ ಒಂದ್ಸಲಕ್ಕೆ ಬುದ್ಧಿ."

ಸಭೆ ನಕ್ಕಿತು. ಮಹಾಪ್ರಭುಗಳು ನಗಲಿಲ್ಲ. ಮೂರು ತಲೆಮಾರಿನಿಂದ ತೆರೆಯದ ತೂಬು ಎಂದ ಮೇಲೆ ಅದನ್ನು ತೆರೆದವರ ಹೆಸರು ಉಳಿಯುತ್ತದಲ್ಲವೇ ಎಂದು ಅವರ ಮನಸ್ಸಿಗೆ ಹೊಳೆದಿತ್ತು. "ಅದನ್ನು ಮುಚ್ಚುವುದು ಬೇಡ. ನಮ್ಮ ಮುಂದಿನ ಜನ್ಮದಿನದಂದು ನಾವೇ ಉದ್ಘಾಟಿಸುವೆವು. ಅಲ್ಲಿಯವರೆಗೆ ಯಾರೂ ತೆರೆಯಕೂಡದು" ಎಂದು ಅಪ್ಪಣೆ ಕೊಡಿಸಿದರು.

ಅಪ್ಪಣೆ ಜಾರಿಯಾಯಿತು. ತೂಬಿನ ಎಡಕ್ಕೊಂದು ಬಲಕ್ಕೊಂದು ಪೊರೆಯಲ್ಲಿ ಗೂಡು ಕೊರೆದು, ಹಲಗೆಗಳಿಗೆ ಅಡ್ಡಲಾಗಿ ಒಂದು ಕಬ್ಬಿಣದ ಅಗುಳಿ ಸೇರಿಸಿದರು. ಅದಕ್ಕೆ ರಾಜಮುದ್ರೆ ಒತ್ತಿ, ಕೆಂಪು ರಿಬ್ಬನ್ ಕಟ್ಟಿ, ಭಟರನ್ನು ಕಾವಲಿಗೆ ನಿಲ್ಲಿಸಿದರು. ತುರ್ತು ಸಂದರ್ಭದಲ್ಲಿ ತೆರೆಯಬೇಕಾದರೆ ನಮೂನೆ ಒಂಬತ್ತು ಮೂರು ಪ್ರತಿ, ಸಕ್ಷಮ ಪ್ರಾಧಿಕಾರದಿಂದ ಒತ್ತಡ ದೃಢೀಕರಣ ಪತ್ರ, ಪೊರೆಯ ಕಡೆಯಿಂದ ನಿರಾಕ್ಷೇಪಣಾ ಪತ್ರ ಲಗತ್ತಿಸಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಇಪ್ಪತ್ತೊಂದು ಕೆಲಸದ ದಿನಗಳಲ್ಲಿ ವಿಲೇವಾರಿಯಾಗುತ್ತದೆ. ಸಕಾಲ ಎಂದರೆ ಸಕಾಲ.

ಒತ್ತಡ ತಿಳಿಯುವುದಕ್ಕೂ ಆಧುನಿಕ ವ್ಯವಸ್ಥೆ ಬೇಕೆಂದು ಒಂದು ಸಮೀಕ್ಷೆ ನಡೆಸಿದರು. ಮನೆಮನೆಗೆ ಹೋಗಿ "ತಮಗೆ ಒತ್ತಡವಿದೆಯೇ?" ಎಂದು ಕೇಳುವುದು. ಇದೆ ಎಂದವರನ್ನು ಮೂರು ದಿನದ ಮನಶ್ಶಾಂತಿ ಶಿಬಿರಕ್ಕೆ ಕಳಿಸಿ ಗಂಜಿ ಕುಡಿಸುತ್ತಿದ್ದರು. ಎರಡನೇ ವಾರದಿಂದ ಎಲ್ಲರೂ ಇಲ್ಲ ಎಂದರು. ಅದನ್ನು ಕೂಡಿ ಕಳೆದು ಮಂತ್ರಿಗಳ ಮೇಜಿನ ಮೇಲಿನ ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ವ್ಯವಸ್ಥೆಯಾಯಿತು. ಒತ್ತಡ: ಸೊನ್ನೆ. ಹಸಿರು ದೀಪ.

ಮಹಾಪ್ರಭುಗಳ ಜನ್ಮದಿನ ಬಂತು. ಅದನ್ನು ವಿಸ್ತಾರೋತ್ಸವ ಎಂದು ಆಚರಿಸುವುದಾಗಿ ನಿಶ್ಚಯವಾಗಿತ್ತು. ಬೆಳಿಗ್ಗೆ ಸನ್ಮಾನ, ಮಧ್ಯಾಹ್ನ ಭೋಜನ, ಸಂಜೆ ಐದಕ್ಕೆ ತೂಬಿನ ಉದ್ಘಾಟನೆ. ಬೆಳಗಿನ ಸನ್ಮಾನಕ್ಕೆ ಊರೆಲ್ಲ ಅರಮನೆಯ ಅಂಗಳದಲ್ಲಿ ಸೇರಿತ್ತು. ಆಗಲೇ ಮಳೆ ಹೊಡೆಯಿತು. ತುಂತುರಲ್ಲ. ಗುಂಡಿಯ ಉಪ್ಪನ್ನೆಲ್ಲ ಒಂದೇ ಏಟಿಗೆ ತೊಳೆದುಹಾಕುವಂಥ ಮಳೆ.

"ನಾನೂರ ಇಪ್ಪತ್ತು!" ಹಗ್ಗ ಹಿಡಿದವರು ಕೂಗಿದರು. ಚಪ್ಪಾಳೆ.

"ನಾನೂರ ನಲವತ್ತಾರು!" ವಂದಿಮಾಗಧರು ಹೊಗಳಿಕೆ ಶುರುಮಾಡಿದರು. "ನಾನೂರ ಎಪ್ಪತ್ತು!" ಎಂದಾಗ ಹಗ್ಗ ಮುಗಿದುಹೋಯಿತು. ಏನು ಮಾಡುವುದು ಎಂದು ಎಲ್ಲರೂ ನೋಡುತ್ತಿರಲು ಗೂಳಯ್ಯ ತನ್ನ ರುಮಾಲು ಬಿಚ್ಚಿ ಹಗ್ಗದ ತುದಿಗೆ ಗಂಟು ಹಾಕಿದ. ಮಹಾಪ್ರಭುಗಳು ಅವನ ಕಡೆ ನೋಡಿ ತಲೆದೂಗಿದರು. ಅವನ ಜೀವಮಾನದಲ್ಲಿ ರಾಜರು ಅವನನ್ನು ನೋಡಿದ್ದು ಅದೇ ಮೊದಲು.

ಪೊರೆ ಜಗ್ಗಿ ಜಗ್ಗಿ ಎಷ್ಟು ತೆಳ್ಳಗಾಯಿತೆಂದರೆ ಹೊರಗಿನ ಮಳೆ ಒಳಗೆ ಕಾಣತೊಡಗಿತು. ಇದು ಮಹಾಪ್ರಭುಗಳ ಪಾರದರ್ಶಕ ಆಡಳಿತಕ್ಕೆ ಸಾಕ್ಷಿ ಎಂದು ತಥಾಸ್ತುರಾಯರು ಮೈಕಿನಲ್ಲಿ ಹೇಳಿದರು.

ತೂಬಿನ ಬಳಿ ಎಂದಿನಂತೆ ಹಲಗೆಗೆ ಒರಗಿ ಕೂತಿದ್ದ ದ್ಯಾವೀರಮ್ಮನಿಗೆ ಬೆನ್ನಿನ ಚರ್ಮವನ್ನು ಯಾರೋ ಎರಡು ಕಡೆಯಿಂದ ಹಿಡಿದೆಳೆದಂತಾಯಿತು. ಹಲಗೆಗಳು ವಾಲಲು ನೋಡುತ್ತಿದ್ದವು, ಅಗುಳಿ ಬಿಡುತ್ತಿರಲಿಲ್ಲ. ಅವಳು ಓಡಿದಳು. ಆ ವಯಸ್ಸಿನಲ್ಲಿ ಎಷ್ಟು ಓಡಲಾದೀತೋ ಅಷ್ಟು. ಮಂತ್ರಿಗಳ ಮೇಜಿನ ಮುಂದೆ ಬಂದು ನಿಂತಳು.

"ಬುದ್ಧಿ, ಜಗ್ತಾ ಐತೆ. ಅಗುಳಿ ತೆಗ್ಸಿ."

"ನಮೂನೆ ಒಂಬತ್ತು ಎಲ್ಲಿ?"

"ಬರಿಯಾಕೆ ಬರಾಕಿಲ್ಲ ಬುದ್ಧಿ. ಬೆನ್ನಿಗೆ ಬಂದೈತೆ."

"ಬೆನ್ನನ್ನು ಲಗತ್ತಿಸುವುದಕ್ಕೆ ಅವಕಾಶವಿಲ್ಲವಮ್ಮ. ಇಲ್ಲಿ ನೋಡು. ಒತ್ತಡ ಸೊನ್ನೆ. ಹಸಿರು ದೀಪ."

ದ್ಯಾವೀರಮ್ಮ ಡ್ಯಾಶ್‌ಬೋರ್ಡನ್ನು ನೋಡಿದಳು. "ಈ ಬೋಲ್ಡು ಪೊರೆಗೆ ತಾಗ್ಸಿದೀರಾ ಬುದ್ಧಿ?"

"ಇಲ್ಲ. ಮೇಜಿನ ಮೇಲಿದೆ, ಕಾಣುವುದಿಲ್ಲವೇ?"

"ಮೇಜು ಜಗ್ಗಾಕಿಲ್ಲ ಬುದ್ಧಿ."

ಸಿಂಹಾಸನದಿಂದ ಮಹಾಪ್ರಭುಗಳು ಬಾಗಿ ಕೇಳಿದರು. "ಆ ಮುದುಕಿ ಏನನ್ನುತ್ತಾಳೆ?"

"ತಮ್ಮ ಜನ್ಮದಿನದ ಸಂಭ್ರಮಕ್ಕೆ ಪೊರೆಗೇ ರೋಮಾಂಚನವಾಗಿದೆ ಎನ್ನುತ್ತಾಳೆ ಪ್ರಭು."

"ಅವಳಿಗೊಂದು ಲಾಡು ಕೊಡಿ."

ದ್ಯಾವೀರಮ್ಮ ಲಾಡು ತೆಗೆದುಕೊಳ್ಳಲಿಲ್ಲ. ತಿರುಗಿ ತೂಬಿನ ಬಳಿಗೆ ಬಂದಳು. ಕಾವಲಿನ ಭಟರು ಚಪ್ಪಾಳೆ ತಟ್ಟಲು ಹೋಗಿದ್ದರು. ಅಗುಳಿಯನ್ನು ನೋಡಿದಳು. ಪೊರೆ ಹಿಗ್ಗಿತ್ತು, ಕಬ್ಬಿಣ ಹಿಗ್ಗಿರಲಿಲ್ಲ. ಎರಡು ಗೂಡುಗಳೂ ದೂರ ದೂರ ಸರಿದು, ಅಗುಳಿಯ ತುದಿಗಳು ಬೆರಳಿನ ಉಗುರಿನಷ್ಟು ಮಾತ್ರ ಗೂಡಿನೊಳಗಿದ್ದವು. ಒಂದು ಕೈ ಹಾಕಿ ಎಳೆದರೆ ಬರುವಂತಿತ್ತು. ರಾಜಮುದ್ರೆ ಒಡೆದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅಂಗಳದಲ್ಲಿ ಅವಳ ತಮ್ಮ ಎರಡೂ ಕೈಗಳಲ್ಲಿ ಹಗ್ಗ ಹಿಡಿದು ನಿಂತಿದ್ದ.

"ಕಂಬ ಹಿಡೀರೋ!" ಕೂಗಿದಳು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ.

"ಕಂಬ ಹಿಡೀರೋ! ಗೂಳಾ, ಹಗ್ಗ ಬಿಡ್ಲಾ!"

ಕೆಲವು ಮುದುಕ ಮುದುಕಿಯರು ಲಾಡು ಕೆಳಗೆ ಹಾಕಿ ಕಂಬದ ಕಡೆ ಹೆಜ್ಜೆ ಇಟ್ಟರು. ಗೂಳಯ್ಯ ತಲೆ ಎತ್ತಿ ಅಕ್ಕನ ಕಡೆ ನೋಡಿದ. ಆಮೇಲೆ ಸಿಂಹಾಸನದ ಕಡೆ ನೋಡಿದ. ಮಹಾಪ್ರಭುಗಳು ಅವನನ್ನೇ ನೋಡುತ್ತಿದ್ದರು. "ಐನೂರ ಎಲ್ಡು!" ಎಂದು ಗೂಳಯ್ಯ ಕೂಗಿದ.

ದ್ಯಾವೀರಮ್ಮ ಮೂರನೇ ಸಲ ಕೂಗಿದಳು. ಕೂಗಿ ಒಂದು ಉಸಿರಿನಷ್ಟು ಕಾದಳು. ಎರಡನೇ ಉಸಿರಿಗೆ ಪೊರೆಯಲ್ಲಿ ಹಳೆ ಸೀರೆ ಹರಿಯುವಂಥ ಸಣ್ಣ ಸದ್ದು ಬಂತು. ಅವಳು ಅಗುಳಿ ಎಳೆದುಬಿಟ್ಟಳು.

ದೊಡ್ಡ ತೂಬಿನ ಐದು ಹಲಗೆಗಳೂ ಒಟ್ಟಿಗೇ ವಾಲಿದವು. ಉಪ್ಪು ಹೋಯಿತು, ಸಕ್ಕರೆ ಹೋಯಿತು, ಶಾಮಿಯಾನ, ಮೈಕು, ಲಾಡಿನ ಬುಟ್ಟಿ ಹೋದವು. ಕಂಬ ಹಿಡಿದವರು ಉಳಿದರು. ಚಪ್ಪಾಳೆ ತಟ್ಟುತ್ತಿದ್ದವರಲ್ಲಿ ಮುನ್ನೂರು ಜನ ಹೋದರು. ಮಹಾಪ್ರಭುಗಳು ಸಿಂಹಾಸನ ಹಿಡಿದುಕೊಂಡಿದ್ದರು, ಅದನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದರು. ತಥಾಸ್ತುರಾಯರು ಮಹಾಪ್ರಭುಗಳನ್ನು ಹಿಡಿದುಕೊಂಡಿದ್ದರು. ಹಗ್ಗ ಸರಸರನೆ ತೂಬಿನ ಕಡೆ ಸರಿದು ಹೋಯಿತು. ಅದರ ಕೊನೆಯಲ್ಲಿ ರುಮಾಲು, ರುಮಾಲಿನ ಕೊನೆಯಲ್ಲಿ ಗೂಳಯ್ಯ. ಅಕ್ಕನ ಪಕ್ಕದಲ್ಲೇ ಹಾದುಹೋದ. ಆಗಲೂ ಎರಡೂ ಕೈಗಳಲ್ಲಿ ಹಿಡಿದೇ ಇದ್ದ.

ಮರುಕ್ಷಣ ಪೊರೆ ಸಡಿಲವಾಯಿತು. ಹಲಗೆಗಳು ಮುಚ್ಚಿಕೊಂಡವು. ರಾಜ್ಯ ಉಳಿದಿತ್ತು. ಉಳಿದದ್ದು ಯಾರ ಕಣ್ಣಿಗೂ ಕಾಣಲಿಲ್ಲ, ಏಕೆಂದರೆ ಅದು ನಿನ್ನೆಯ ಹಾಗೆಯೇ ಇತ್ತು. ಹೋದ ತೊಂಬತ್ತು ಗೇಣು ಮಾತ್ರ ಎಲ್ಲರಿಗೂ ಕಂಡಿತು.

ವಿಚಾರಣೆ ನಡೆಯಿತು. ಆರೋಪ ಎರಡು. ರಾಜಮುದ್ರೆ ಮುರಿದದ್ದು, ಮತ್ತು ಉದ್ಘಾಟನೆಗೆ ಮುನ್ನ ಉದ್ಘಾಟಿಸಿದ್ದು.

"ನೀನು ರಾಜ್ಯವನ್ನು ಉಳಿಸಿದೆ ಎಂದು ಬೀದಿಯಲ್ಲಿ ಕೆಲವರು ಹೇಳುತ್ತಿದ್ದಾರಂತೆ" ಎಂದರು ಮಹಾಪ್ರಭುಗಳು. "ಉಳಿಯಿತು ಎನ್ನುವುದಕ್ಕೆ ಏನು ಸಾಕ್ಷಿ?"

"ನೀವು ಕೇಳ್ತಾ ಇದ್ದೀರಲ್ಲ ಬುದ್ಧಿ, ಅದೇಯ."

ಇದನ್ನು ಕಡತದಲ್ಲಿ ಬರೆದುಕೊಳ್ಳಲಿಲ್ಲ. ತೀರ್ಪು ಮಾತ್ರ ಉದ್ದವಾಗಿತ್ತು, ಮುಖ್ಯವಾದದ್ದನ್ನಷ್ಟೇ ಹೇಳುತ್ತೇನೆ. ದೊಡ್ಡ ತೂಬಿಗೆ ಒಳಗಿನಿಂದ ಗಾರೆ ತುಂಬಿಸಿ, ಅದರ ಮುಂದೆ ಮಹಾಪ್ರಭುಗಳು ಎದೆಯುಬ್ಬಿಸಿ ನಿಂತ ಪ್ರತಿಮೆ ಸ್ಥಾಪಿಸುವುದು. ಕಂಬ ಹಿಡಿದವರು ಸರ್ಕಾರದ ಮೇಲೆ ನಂಬಿಕೆ ಇಲ್ಲದವರೆಂದು ಸಿದ್ಧವಾದ್ದರಿಂದ, ಊರಿನ ಕಂಬಗಳನ್ನೆಲ್ಲ ಕಿತ್ತು ಪ್ರತಿಮೆಯ ಅಟ್ಟಣೆಗೆ ಬಳಸುವುದು. ಖಾಲಿಯಾದ ಉಗ್ರಾಣವನ್ನು ಮನೆಮನೆಯ ಅಡುಗೆಮನೆಯಿಂದ ತುಂಬಿಸುವುದು. ಪ್ರಜೆಗಳು ಆರು ತಿಂಗಳು ಸಪ್ಪೆ ಸಾರು ಉಂಡರು. ಅವರಿಗೆ ವಿಸ್ತಾರ ಕಾಣಿಕೆ ಎಂಬ ರಶೀತಿಯನ್ನೂ ಕೊಟ್ಟರು. ಮುನ್ನೂರು ಮನೆಗಳಲ್ಲಿ ಉಣ್ಣುವವರು ಒಬ್ಬೊಬ್ಬರು ಕಡಿಮೆಯಿದ್ದರು. ಆ ಮನೆಗಳಿಗೆ ಕಾಣಿಕೆಯಲ್ಲಿ ರಿಯಾಯಿತಿ ಇರಲಿಲ್ಲ.

ದ್ಯಾವೀರಮ್ಮನಿಗೆ ಮರಣದಂಡನೆ ಕೊಡಬೇಕೆಂದು ತಥಾಸ್ತುರಾಯರು ವಾದಿಸಿದರು. ಮಹಾಪ್ರಭುಗಳು ಕರುಣಾಳು. ಅವಳ ತಮ್ಮನ ಹುದ್ದೆ ಖಾಲಿ ಬಿದ್ದಿತ್ತು. ಅನುಕಂಪದ ಆಧಾರದ ಮೇಲೆ ಅವಳನ್ನೇ ಹಗ್ಗ ಹಿಡಿಯಲು ನೇಮಿಸಿದರು. ಹೊಸ ರುಮಾಲು ಕೊಟ್ಟರು. ಅವಳು ಅದನ್ನು ತಲೆಗೆ ಸುತ್ತಲಿಲ್ಲ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಳೆಯ ಹಗ್ಗ ಹೊರಗೆ ಹೋಗಿತ್ತಲ್ಲ, ಹೊಸದು ಹೊಸೆಯಬೇಕಾಯಿತು. ಈ ಬಾರಿ ಗೇಣು ಹಾಕಲು ತೊಟ್ಟಿಲಲ್ಲಿದ್ದ ರಾಜಕುಮಾರಿಯ ಕೈ ಬಳಸೋಣ, ಅದು ಮಂಗಳಕರ ಎಂದು ತಥಾಸ್ತುರಾಯರು ಸೂಚಿಸಿದರು. ಹಾಗೇ ಅಳೆದರು. ಸುತ್ತಳತೆ ಸಾವಿರದ ಮೂವತ್ತು ಗೇಣು ಬಂತು. ಪೊರೆನಾಡಿನ ಇತಿಹಾಸದಲ್ಲೇ ದಾಖಲೆ. ಮಹಾಪ್ರಭುಗಳಿಗೆ ವಿಸ್ತಾರ ಸಾರ್ವಭೌಮ ಎಂಬ ಬಿರುದು ಕೊಟ್ಟು, ಹಳೆಯದಕ್ಕಿಂತ ದೊಡ್ಡ ಕಿರೀಟ ತೊಡಿಸುವುದೆಂದು ನಿಶ್ಚಯವಾಯಿತು.

ಕಿರೀಟಧಾರಣೆಯ ಬೆಳಿಗ್ಗೆ ಊರೆಲ್ಲ ಅಂಗಳದಲ್ಲಿ ಸೇರಿತು. ಪುರೋಹಿತರು ಕಿರೀಟ ಎತ್ತಿ ಹಿಡಿದರು. ಹೊರಗೆ ಗುಂಡಿಯ ಮೇಲೆ ಮೊದಲ ಹನಿಗಳು ಬಿದ್ದವು.

ದ್ಯಾವೀರಮ್ಮನ ಬೆನ್ನು ಈಗ ಪೊರೆಗೆ ತಾಗುತ್ತಿರಲಿಲ್ಲ. ಆದರೆ ಹಗ್ಗ ಪೊರೆಯ ಮೈಗುಂಟ ಇತ್ತು, ಹಗ್ಗದ ತುದಿ ಅವಳ ಎರಡೂ ಕೈಗಳಲ್ಲಿತ್ತು. ಅದು ಮೆಲ್ಲಗೆ ಬಿಗಿಯಾಯಿತು. ಇನ್ನೂ ಬಿಗಿಯಾಯಿತು.

"ಬುದ್ಧಿ, ಜಗ್ತಾ ಐತೆ" ಎಂದಳು.

"ಎಷ್ಟು?" ತಥಾಸ್ತುರಾಯರು ಆತುರದಿಂದ ಕೇಳಿದರು.

ದ್ಯಾವೀರಮ್ಮ ಬೀದಿಯ ಉದ್ದಕ್ಕೂ ನೋಡಿದಳು. ಕಂಬಗಳಿದ್ದ ಕಡೆಯೆಲ್ಲ ಸಣ್ಣ ಸಣ್ಣ ಗುಂಡಿಗಳು ಮಾತ್ರ ಇದ್ದವು. "ಎಣಿಸ್ಕಳಿ" ಎಂದಳು.

ಕಿರೀಟ ತಲೆಯ ಮೇಲೆ ಇಳಿಯಿತು. ಪ್ರಜೆಗಳೆಲ್ಲ ಎದ್ದು ನಿಂತು ಎರಡೂ ಕೈಗಳಿಂದ ಚಪ್ಪಾಳೆ ತಟ್ಟಿದರು. ಹಿಡಿದುಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ಕೈಗಳು ಹೇಗೂ ಖಾಲಿ ಇದ್ದವು.